ಶುಕ್ರವಾರದ ಸ್ವತ್ತು

ನಮ್ಮ ಕರಾವಳಿಯಲ್ಲಿ ಹೊಸಬರು ಯಾರಾದರೂ ಸಿಕ್ಕರೆ, ಹೆಸರು ಕೇಳಿದ ಮೇಲೆ ಕೇಳುವ ಎರಡನೆಯ ಮಾತು "ನಿಮ್ಮ ಮೂಲಮನೆ ಎಲ್ಲಿ?" ಎಂಬುದು. ಉಳಿದವರು ಬಂಟ್ವಾಳವೆಂದೋ ಉಳ್ಳಾಲವೆಂದೋ ಥಟ್ಟನೆ ಹೇಳಿಬಿಡುವರು. ನಮ್ಮ ಮನೆಯವರು ಮಾತ್ರ ಪಶ್ಚಿಮಕ್ಕೆ, ಕಡಲಿನತ್ತ ಕೈತೋರಿಸಬೇಕು. ನನ್ನ ಅಜ್ಜ ಲಕ್ಷದ್ವೀಪದ ಅಮಿನಿಯವರು.

ಮಂಗಳೂರಿಗೂ ಅಮಿನಿಗೂ ಎತ್ತಣ ನಂಟು ಎಂದು ವಾಚಕರು ಕೇಳಬಹುದು. ನಂಟು ಹಳೆಯದು. ಟಿಪ್ಪುವಿನ ವಶದಲ್ಲಿದ್ದ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಎಂಬ ಐದು ದ್ವೀಪಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟವು. ದ್ವೀಪದವರು ತಾವು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ ಒಪ್ಪಿಸಿ, ಬದಲಿಗೆ ಅಕ್ಕಿ ಪಡೆಯಬೇಕೆಂಬ ಕಟ್ಟಳೆಯಿತ್ತು. ಮಳೆಗಾಲ ಕಳೆಯಿತೆಂದರೆ ಹುರಿ, ಕೊಬ್ಬರಿ ಹೊತ್ತ ಹಾಯಿಯ ಓಡಗಳು ನಮ್ಮ ಬಂದರಿಗೆ ಬರುತ್ತಿದ್ದವು. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ರಾಜ್ಯೋತ್ಸವವೆಂದು ನಾವು ಸಂಭ್ರಮಿಸುವ ದಿನವೇ ಒಂದೂವರೆ ಶತಮಾನದ ಕೂಡುಬಾಳು ಬೇರೆಯಾಯಿತೆಂಬುದು ನೆನಪಾಗುವುದು ನಮ್ಮಂಥ ಕೆಲವೇ ಮನೆಗಳಲ್ಲಿ.

ಓಡದಲ್ಲಿ ಅಡುಗೆಯ ಹುಡುಗನಾಗಿ ಬಂದ ಅಜ್ಜ ಬಂದರಿನಲ್ಲೇ ಮದುವೆಯಾಗಿ ನಿಂತುಬಿಟ್ಟರು. ನನ್ನ ತಂದೆ ಅದೇ ಬಂದರಿನಲ್ಲಿ ಅಕ್ಕಿಮೂಟೆ ಹೊರುವವರು. "ದ್ವೀಪದಲ್ಲಿ ತೆಂಗಿನ ತೋಟ ಇರುವಾಗ ನಿನಗೇಕಯ್ಯಾ ಈ ಹಮಾಲಿ?" ಎಂದು ಜೊತೆಯವರು ಕೆಣಕುತ್ತಿದ್ದರು. ತಂದೆ ನಗುತ್ತಿದ್ದರು, ಆದರೆ ಅಮಿನಿಗೆ ಒಮ್ಮೆಯೂ ಹೋಗಿರಲಿಲ್ಲ. ಪಾಲು ಕೇಳಲು ಬಂದನೆಂದು ಯಾರಾದರೂ ಅಂದುಕೊಂಡರೆ ಎಂಬ ಅಭಿಮಾನ ಅವರದು.

ಕಳೆದ ವರ್ಷ ಅಜ್ಜನ ಕಡೆಯ ಸಂಬಂಧಿಕರೊಬ್ಬರು ಔಷಧೋಪಚಾರಕ್ಕೆಂದು ಮಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಹತ್ತು ದಿನ ತಂಗಿದ್ದರು. ಹೊರಡುವಾಗ, "ಅಜ್ಜಿಗೆ ಎಂಬತ್ತು ದಾಟಿತು. ಅಣ್ಣನ ಮಗನ ಮುಖ ನೋಡಬೇಕೆಂದು ಹಂಬಲಿಸುತ್ತಿದ್ದಾರೆ" ಎಂದರು. ಈ ಮಾತಿಗೆ ತಂದೆ ಇಲ್ಲವೆನ್ನಲಾರದೆ ಹೋದರು. ಅಲ್ಲಿಗೆ ಹೋಗಲು ನಮ್ಮಂಥ ಹೊರಗಿನವರಿಗೆ ಪ್ರವೇಶಾನುಮತಿ ಬೇಕು. ಅರ್ಜಿ ತುಂಬಲು ಮನೆಯಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ನನ್ನನ್ನೂ ಕರೆದುಕೊಂಡು ಹೊರಟರು.

ಅಮಿನಿ ಮಂಗಳೂರಿನಿಂದ ಸುಮಾರು 300 ಕಿಲೋಮೀಟರ್. ಆದರೆ ನಾವು ಹೋದದ್ದು 400 ಕಿಲೋಮೀಟರ್ ದೂರದ ಕೊಚ್ಚಿಯಿಂದ. ಹಡಗು ಕಡಲಲ್ಲೇ ನಿಂತಿತು. ತೂಗಾಡುವ ದೋಣಿಗೆ ಇಳಿದು, ಹವಳದ ದಿಬ್ಬವನ್ನು ದಾಟಿ ಒಳಗಿನ ತಿಳಿಗಡಲಿಗೆ ಬಂದಾಗ ನನ್ನ ಎದೆಬಡಿತ ನಿಂತಿತು. ದ್ವೀಪವೆಂದರೆ ಎಷ್ಟು? ಸುಮಾರು ಎರಡೂವರೆ ಚದರ ಕಿಲೋಮೀಟರ್ ಮರಳು. 2011ರ ಜನಗಣತಿಯಂತೆ 7,661 ಜನ. ನದಿಯಿಲ್ಲ, ಬೆಟ್ಟವಿಲ್ಲ. ಮಳೆಯ ನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುವುದಂತೆ. ಮಿತಿಮೀರಿ ಸೇದಿದರೆ ಬಾವಿಯೇ ಉಪ್ಪಾಗುವುದು.

ಅಜ್ಜಿ ಅಂಗಳದಲ್ಲೇ ಕಾದು ಕುಳಿತಿದ್ದರು. ತಂದೆಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅವರಾಡುವ ಜೆಸರಿಯೂ ನಮ್ಮ ಬ್ಯಾರಿ ಭಾಷೆಯೂ ಅಕ್ಕತಂಗಿಯರಂತೆ. ಅರ್ಧ ತಿಳಿಯಿತು, ಉಳಿದರ್ಧ ತಿಳಿಯಬೇಕಾಗಿರಲಿಲ್ಲ. ಸಂಜೆ ಮನೆಯ ಹೆಂಗಸರೊಡನೆ ಕಡಲಂಚಿಗೆ ಹೋದೆ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಉಪ್ಪುನೀರಿನ ಹೊಂಡದಲ್ಲಿ ಕಲ್ಲು ಹೇರಿ ಕೊಳೆಹಾಕುವುದು, ಕೊಡತಿಯಿಂದ ಬಡಿದು ನಾರು ಬಿಡಿಸುವುದು, ಅಂಗೈಯಲ್ಲಿ ಹುರಿ ಹೊಸೆಯುವುದು, ಈ ಕೆಲಸವನ್ನೆಲ್ಲ ಅಜ್ಜಿ ಬಾಯಿಂದ ಹೇಳದೆ ಕೈಯಿಂದಲೇ ತೋರಿಸಿದರು. ನಮ್ಮ ಬಂದರಿಗೆ ಬರುತ್ತಿದ್ದ ಹುರಿ ಇಂಥ ಅಂಗೈಗಳಿಂದ ಬಂದದ್ದೆಂಬುದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಅಲ್ಲಿ ಮನೆ ಹೆಣ್ಣಿನ ಕಡೆಯಿಂದ ನಡೆಯುವುದು. ಅಜ್ಜಿಯ ಗಂಡ ಬದುಕಿರುವಷ್ಟು ಕಾಲವೂ ಹಗಲೆಲ್ಲ ತಮ್ಮ ತಾಯಿಯ ಮನೆಯಲ್ಲಿದ್ದು ರಾತ್ರಿ ಮಾತ್ರ ಇಲ್ಲಿಗೆ ಬರುತ್ತಿದ್ದರಂತೆ. ಸ್ವತ್ತಿನಲ್ಲಿ ಎರಡು ಬಗೆ. ತಾಯಿಯಿಂದ ಹೆಣ್ಣುಮಕ್ಕಳ ಸಂತತಿಗೆ ಹರಿದುಬರುವ ತರವಾಡಿನ ಆಸ್ತಿ ಶುಕ್ರವಾರದ ಸ್ವತ್ತು, ಅದನ್ನು ಮಾರುವಂತಿಲ್ಲ. ತಾನಾಗಿ ಗಳಿಸಿದ್ದು ಸೋಮವಾರದ ಸ್ವತ್ತು. ಅದು ಶರೀಯತ್ತಿನಂತೆ ಮಕ್ಕಳಿಗೆ ಸಲ್ಲುವುದು. ಅಳಿಯಸಂತಾನವನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದು ತೀರ ಹೊಸತಲ್ಲ. ಈಗ ಅಲ್ಲಿಯೂ ಗಂಡ, ಹೆಂಡತಿ, ಮಕ್ಕಳು ಎಂದು ಬೇರೆ ಮನೆ ಕಟ್ಟುವವರು ಹೆಚ್ಚುತ್ತಿದ್ದಾರೆ. ಅದನ್ನು ಸ್ವರ್ಗವೆಂದು ನಾನು ಹೇಳಲಾರೆ.

ಮೂರನೆಯ ದಿನ ಊಟವಾದ ಮೇಲೆ ಮನೆಯ ಹಿರಿಯರೊಬ್ಬರು, ಯಾರೂ ಕೇಳದಿದ್ದರೂ, ಈ ಕಟ್ಟಳೆಯನ್ನು ತಂದೆಗೆ ಬಿಡಿಸಿ ಹೇಳತೊಡಗಿದರು. ಗಂಡಿನ ಮಕ್ಕಳಿಗೆ ಇಲ್ಲಿ ಪಾಲಿಲ್ಲವೆಂದು ಅದರ ಸಾರ. ತಂದೆಯ ಮುಖ ಕಪ್ಪಿಟ್ಟಿತು. "ನಾನು ಪಾಲಿಗಾಗಿ ಬಂದವನಲ್ಲ" ಎಂದರು. ಆಗ ಅಜ್ಜಿ, "ಬಂದವನಲ್ಲ ಸರಿ. ಆದರೆ ಇರುವುದನ್ನು ನಾನು ಇಟ್ಟುಕೊಂಡು ಸಾಯಲೇ?" ಎಂದು ಎದ್ದು, ನಮ್ಮನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಐದು ತೆಂಗಿನ ಮರಗಳು. ಕಾಂಡದ ಮೇಲೆ ಹಳೆಯ ಗುರುತೊಂದು ಮಾಸಿ ನಿಂತಿತ್ತು. ಓಡದಲ್ಲಿ ದುಡಿದ ಮೊದಲ ಕೂಲಿಯಿಂದ ಅಜ್ಜ ಕೊಂಡ ಮರಗಳವು, ಸೋಮವಾರದ ಸ್ವತ್ತು. ಅರವತ್ತಕ್ಕೂ ಹೆಚ್ಚು ವರ್ಷ ಅಜ್ಜಿ ಅವನ್ನು ಅಣ್ಣನ ಮರಗಳೆಂದೇ ನೋಡಿಕೊಂಡಿದ್ದರು.

ಆಮೇಲೆ ನನ್ನತ್ತ ತಿರುಗಿ, "ಇವಳ ಓದು ಮುಗಿದ ಮೇಲೆ?" ಎಂದರು.

"ಮದುವೆ" ಎಂದರು ತಂದೆ. ಒಂದು ಕಡೆ ಮಾತುಕತೆಯೂ ನಡೆದಿತ್ತು.

"ಮದುವೆಯಾದ ಮೇಲೆ ಎಲ್ಲಿರುತ್ತಾಳೆ?"

"ಗಂಡನ ಮನೆಯಲ್ಲಿ."

"ಹಾಗಾದರೆ ಇವಳ ಮನೆ ಯಾವುದು?"

ಅಜ್ಜಿ ಅದನ್ನು ಆಕ್ಷೇಪವಾಗಿ ಕೇಳಲಿಲ್ಲ. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ತಂದೆ ಮರದ ಗುರುತಿನ ಮೇಲೆ ಕೈಯಾಡಿಸುತ್ತ ನಿಂತರು. ಕೊನೆಗೆ, "ಕಾಯಿ ನೀವೇ ತೆಗೆದುಕೊಳ್ಳಿ. ಮರ ಇವಳದಾಗಿರಲಿ" ಎಂದರು.

ಐದು ತೆಂಗಿನಿಂದ ಯಾರೂ ಸಿರಿವಂತರಾದದ್ದಿಲ್ಲ. ಆದರೆ ಊರಿಗೆ ಬಂದ ವಾರದೊಳಗೆ ಮದುವೆಯ ಮಾತು ತಂದವರಿಗೆ ತಂದೆ "ಎರಡು ವರ್ಷ ಹೋಗಲಿ, ಹುಡುಗಿ ಎಂ.ಎ. ಓದಲಿ" ಎಂದುಬಿಟ್ಟರು. ಬಂದರಿನಲ್ಲಿ ಯಾರೋ ತೋಟದ ಮಾತೆತ್ತಿದಾಗ, "ಇದೆ, ಮಗಳದು" ಎಂದರಂತೆ.

ಈಗ ನನ್ನ ಮೇಜಿನ ಮೇಲೆ ವಿಶ್ವವಿದ್ಯಾಲಯದ ಅರ್ಜಿಯಿದೆ. ಅದರಲ್ಲಿ ಎರಡು ವಿಳಾಸ ಕೇಳುವರು: ಈಗಿನದು ಒಂದು, ಖಾಯಂ ಆದದ್ದು ಇನ್ನೊಂದು. ಎರಡರಲ್ಲಿಯೂ ನಮ್ಮ ಬಂದರಿನ ಮನೆಯನ್ನೇ ಬರೆದಿದ್ದೇನೆ. ಅದರಲ್ಲಿ ನನ್ನ ಪಾಲೆಷ್ಟೆಂದು ಇನ್ನು ಮೇಲೆ ಮನೆಯಲ್ಲಿ ಕೇಳಬಹುದೆಂದು ತೋರುತ್ತದೆ.