ಆಸ್ಲೋದ ನೆಲಮಾಳಿಗೆಯ ಮೇಣ

ಹಲಸಿನ ಹಣ್ಣು ಬಿಡಿಸುವ ಮುನ್ನ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದಿದ್ದರೆ ಏನಾಗುತ್ತದೆಂದು ನಮ್ಮ ಶಿರಸಿ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. 68 ವರ್ಷ ನನಗೆ ಮೇಣವೆಂದರೆ ಅದೇ. ಇನ್ನೊಂದು ಬಗೆಯ ಮೇಣ ಕಂಡದ್ದು ಕಳೆದ ಫೆಬ್ರವರಿಯಲ್ಲಿ, ನಾರ್ವೆಯ ಆಸ್ಲೋದಲ್ಲಿ, ಮಗಳ ಮನೆಯ ನೆಲಮಾಳಿಗೆಯಲ್ಲಿ.

ತಾವು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟಿದವರೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿಗಳೇ ಸ್ಕೀ. 10 ವರ್ಷದ ಮೊಮ್ಮಗಳ ಸ್ಕೀ ಅವಳಿಗಿಂತ ಎತ್ತರ. ಹಿಂದಿನ ವರ್ಷ ಕಾಡಿನ ಏರಿನಲ್ಲಿ ಅಮ್ಮ ಹಿಂದಿನಿಂದ ತಳ್ಳಿದ್ದಳಂತೆ. ಈ ಸಲ ತಾನೇ ಹತ್ತಬೇಕೆಂದು ಅವಳ ಹಟ.

ಶನಿವಾರ ರಾತ್ರಿ ಇಬ್ಬರೂ ಕೆಲಸಕ್ಕೆ ಕುಳಿತೆವು. ಮೇಣಕ್ಕೆಂದೇ ಇಟ್ಟ ಇಸ್ತ್ರಿಪೆಟ್ಟಿಗೆ ಮೇಣದ ಗಟ್ಟಿ ತಾಗಿಸಿ, ಸ್ಕೀಯ ಮುಂತುದಿ ಮತ್ತು ಹಿಂತುದಿಯ ತಳಕ್ಕೆ ಹನಿಹನಿಯಾಗಿ ಬೀಳಿಸಿ ತೀಡಿದೆ.

"ಅಜ್ಜಾ, ಹೊಗೆ ಬರ್ತಿದೆ! ಬಿಸಿ ಜಾಸ್ತಿಯಾದ್ರೆ ತಳ ಹಾಳಾಗ್ತದೆ."

ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆಯಬೇಕು. ಕಷ್ಟಪಟ್ಟು ಹಚ್ಚಿದ್ದನ್ನೇ ಹೆರೆದು ಬಿಸಾಡುವುದೇ! ತಳ ಹೀರಿಕೊಂಡದ್ದಷ್ಟೇ ಜಾರಲು ಸಾಕಂತೆ.

ಸ್ಕೀಯ ನಡುಭಾಗಕ್ಕೆ ಮಾತ್ರ ಬೇರೆ ಮೇಣ, ಅದು ಜಾರಲು ಅಲ್ಲ, ಹಿಡಿಯಲು. ಸ್ಕೀ ಬಿಲ್ಲಿನಂತೆ ಬಾಗಿರುತ್ತದೆ. ಜಾರುವಾಗ ನಡುಭಾಗ ಮೇಲೇ ಇರುತ್ತದೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಒತ್ತಿದಾಗ ಹಿಮಕ್ಕೆ ತಾಗುತ್ತದೆ, ಹಿಮದ ಹರಳುಗಳು ಮೇಣಕ್ಕೆ ಕಚ್ಚಿಕೊಳ್ಳುತ್ತವೆ. ಹಾಗಾಗಿ ಏರು ಹತ್ತಬಹುದು. ಕೊರೆಯುವ ಚಳಿಗೆ ಗಟ್ಟಿಯಾದ ನೀಲಿ ಮೇಣ, ಸೊನ್ನೆ ಡಿಗ್ರಿಯ ಆಸುಪಾಸಿಗೆ ಮೆತ್ತನೆಯ ನೇರಳೆ.

"ನಾಳೆಯ ಹವಾಮಾನ ನೋಡ್ಬೇಕಲ್ಲ, ಅಜ್ಜ?"

"ಹೊರಗೆ ಮೈನಸ್ 8 ಇದೆ, ಇನ್ನೇನು ನೋಡೋದು? ನೀಲಿ ಕೊಡು," ಎಂದೆ. ದೊಡ್ಡವರ ಮಾತೆಂದು ಸುಮ್ಮನಾದಳು.

ಭಾನುವಾರ 1ನೇ ಮಾರ್ಗದ ಮೆಟ್ರೋದಲ್ಲಿ ಹೊರಟೆವು. ನಮ್ಮಲ್ಲಿ ಕೊಡೆ ಹಿಡಿದಂತೆ ಅಲ್ಲಿ ಎಲ್ಲರ ಕೈಯಲ್ಲೂ ಸ್ಕೀ. ದಾರಿಯಲ್ಲಿ ಹೋಲ್ಮೆನ್‌ಕೋಲೆನ್, ಅಲ್ಲಿನ ಸ್ಕೀ ಜಿಗಿತದ ಸ್ಪರ್ಧೆ ಶುರುವಾದದ್ದು 1892ರಲ್ಲಿ. ಕೊನೆಯ ನಿಲ್ದಾಣ ಫ್ರೋಗ್ನರ್‌ಸೇತೆರನ್‌ನಲ್ಲಿ ಇಳಿದಾಗ ಮೋಡ ಕವಿದಿತ್ತು, ಮುಖಕ್ಕೆ ಚಳಿ ಕಚ್ಚಲಿಲ್ಲ. ಉಷ್ಣಾಂಶ ಸೊನ್ನೆಗೆ ಬಂದಿತ್ತು.

ಏರಿನಲ್ಲಿ ಮೊಮ್ಮಗಳು ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಹಿಂದಕ್ಕೆ ಜಾರಿದಳು. ಮೂರನೆಯ ಸಲ ಬಿದ್ದಾಗ ಅವಳಿಗಿಂತ ಪುಟ್ಟ ಹುಡುಗನೊಬ್ಬ ಸರಸರ ಹತ್ತಿ ಹೋದ. ಅವಳ ಕಣ್ಣು ತುಂಬಿತು. ಅಮ್ಮ ತಳ್ಳಲು ಬಂದರೆ ಕೈ ಕೊಡವಿದಳು. ಪಕ್ಕದಲ್ಲಿ ಕೋಲೂರಿ ನಿಂತಿದ್ದ ನನಗೆ ಯಾವ ಮುಖದಲ್ಲಿ ಸಮಾಧಾನ ಹೇಳಲಿ ಎನಿಸಿತು.

"ಪುಟ್ಟೀ, ತಪ್ಪು ನಿಂದಲ್ಲ, ನಂದು. ನೀ ಹೇಳಿದ್ದೇ ಸರಿ ಇತ್ತು," ಎಂದೆ.

ಮಗಳ ಚೀಲದಲ್ಲಿ ನೇರಳೆ ಮೇಣದ ತುಂಡಿತ್ತು. ಗಟ್ಟಿ ಮೇಣದ ಮೇಲೆ ಮೆತ್ತನೆಯದನ್ನು ಹಚ್ಚಬಹುದಂತೆ. ತಳ ಒರೆಸಿ, ಬಣ್ಣದ ಕಡ್ಡಿಯಂತೆ ತೆಳ್ಳಗೆ ಬಳಿದು, ಬಿರಡೆಯ ತುಂಡಿನಿಂದ ತಿಕ್ಕಿದೆ. ಮೊಮ್ಮಗಳು ಮೂಗು ಒರೆಸಿಕೊಂಡು ಎದ್ದಳು. ಒತ್ತಿದಳು, ಹಿಡಿಯಿತು. ಇನ್ನೊಮ್ಮೆ ಒತ್ತಿದಳು. ಅವಳ ಕೆಂಪು ಟೋಪಿ ತಿರುವಿನಲ್ಲಿ ಮರೆಯಾದಾಗ ನಾನಿನ್ನೂ ಅರ್ಧ ಏರಿನಲ್ಲಿದ್ದೆ.

ಆ ರಾತ್ರಿ ಅವಳು ಮೇಣದ ಪೆಟ್ಟಿಗೆಯಿಂದ ಒಂದು ಟ್ಯೂಬ್ ತೆಗೆದಳು. ಕರಗಿ ಮತ್ತೆ ಗಟ್ಟಿಯಾದ ಹಿಮಕ್ಕೆ ಬಳಸುವ ಕ್ಲಿಸ್ಟರ್ ಅದು. ಮುಚ್ಚಳ ತೆರೆದದ್ದೇ ತಡ, ಹತ್ತೂ ಬೆರಳಿಗೆ ಅಂಟಿತು. ಸಾಕ್ಷಾತ್ ಹಲಸಿನ ಮೇಣ!

"ತಡಿ, ಇದು ನಂಗೊತ್ತು," ಎಂದು ನಾನು ಕೊಬ್ಬರಿ ಎಣ್ಣೆ ತರಲು ಎದ್ದೆ.