ಹದಿನಾರು ಗಂಟೆಗಳ ದೂರ

2023ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಅಮೆರಿಕೆಗೆ ಹೊರಟು ನಿಂತಾಗ, ದಾವಣಗೆರೆಯ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ಎಂಬತ್ತಾರರ ಅವ್ವ ಕೇಳಿದ್ದು ಒಂದೇ ಮಾತು: "ಎಷ್ಟು ದೂರ ಆಗ್ತೈತಪ್ಪಾ?"

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್ ಎಂದೆವು. ಅವ್ವನಿಗೆ ಆ ಅಂಕಿ ಹಿಡಿಸಲಿಲ್ಲ. "ನೇರ ವಿಮಾನದಲ್ಲಿ ಹದಿನಾರು ಗಂಟೆ" ಎಂದಾಗ ಮುಖ ಅರಳಿತು. ಆಕೆಯ ತವರಿಗೂ ಹಿಂದೆ ನಸುಕಿನಲ್ಲಿ ಗಾಡಿ ಕಟ್ಟಿದರೆ ಹೊತ್ತು ಮುಳುಗುವ ವೇಳೆಗೆ ತಲುಪುತ್ತಿದ್ದರಂತೆ. "ಹಂಗಾದ್ರೆ ನನ್ನ ತವರಿನಷ್ಟೇ ದೂರ" ಎಂದಳು.

ಈ ಎರಡು ಊರುಗಳು ಭೂಗೋಳದ ಹೆಚ್ಚುಕಡಿಮೆ ಎದುರು ಬದಿಗಳಲ್ಲಿವೆ. ಆದ್ದರಿಂದ ಇವುಗಳ ನಡುವಣ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಸಮೀಪ ಹಾಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡವು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಆ ದಾರಿಯಲ್ಲಿಯೇ ಬೆಂಗಳೂರಿಗೆ ತಂದಿತು. ಅದಕ್ಕೆ ಸುಮಾರು 17 ಗಂಟೆ ಹಿಡಿಯಿತು. ಆದರೆ ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುವುದರಿಂದ, ದಾರಿ ಕೊಂಚ ಸುತ್ತಾದರೂ ಆ ಗಾಳಿಯ ಬೆನ್ನೇರಿ ಶಾಂತಸಾಗರದ ಮೇಲೆ ಹೋಗುವುದು ಅನೇಕ ವೇಳೆ ಲಾಭಕರ. ನಾವು ಹೋದದ್ದೂ ಹಾಗೆಯೇ. ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ದಿನದ ಸಂಜೆ ಅಲ್ಲಿ ಇಳಿದೆವು! ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದೇ ಇದಕ್ಕೆ ಕಾರಣ. ಗಡಿಯಾರ ಒಪ್ಪಿದರೂ ದೇಹ ಒಪ್ಪಲಿಲ್ಲ. ವಾರವೊಂದು ಕಳೆಯುವವರೆಗೂ ನಡುರಾತ್ರಿಯಲ್ಲಿ ಎಚ್ಚರವಾಗಿ ಹಸಿವಾಗುತ್ತಿತ್ತು.

ಮೂರನೆಯ ವಾರ, ಬುಧವಾರ ರಾತ್ರಿ ದೂರವಾಣಿ ಬಂದಿತು. ಊರಿನಲ್ಲಿ ಆಗ ಗುರುವಾರದ ಹಗಲು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ನಮಗೆ ದೊರೆತ ಮೊದಲ ಆಸನಗಳು ಶನಿವಾರ ರಾತ್ರಿಯವು. ಮರಳುವಾಗ ಗಡಿಯಾರ ಹೋಗುವಾಗ ಕೊಟ್ಟದ್ದನ್ನೆಲ್ಲ ಕಿತ್ತುಕೊಂಡಿತು. ಭಾನುವಾರವೆಂಬುದು ಆಕಾಶದಲ್ಲಿಯೇ ಕರಗಿ, ಬೆಂಗಳೂರಿನಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಅಲ್ಲಿಂದ ದಾವಣಗೆರೆಗೆ ಮತ್ತೆ ಕಾರಿನ ಪ್ರಯಾಣ. ಹದಿನಾರು ಗಂಟೆಯೆಂದು ನಾವು ಹೇಳಿದ್ದ ದೂರವನ್ನು ದಾಟಲು ನಾಲ್ಕು ದಿನಗಳು ಬೇಕಾದವು.

ಅಷ್ಟರೊಳಗೆ ಅವ್ವನನ್ನು ಎತ್ತಿ, ಆಸ್ಪತ್ರೆಗೆ ಸೇರಿಸಿ, ಮೂರು ರಾತ್ರಿ ಬಳಿಯಲ್ಲಿ ಮಲಗಿದವರು ಪಕ್ಕದ ಮನೆಯವರು. ನಮ್ಮನ್ನು ಕಂಡ ಅವ್ವ, "ದಾರಿ ಬಾಳ ದೂರ ಆತೇನಪ್ಪಾ?" ಎಂದಳು. ನಾವು ತಲೆ ತಗ್ಗಿಸಿದೆವು.

ಮಕ್ಕಳನ್ನು ಕಾಣಲು ಹೊರಡುವ ಹಿರಿಯರು ಪಾಸ್‌ಪೋರ್ಟ್, ವಿಮೆ, ಔಷಧಗಳ ಜೊತೆಗೆ ಇನ್ನೊಂದು ಸಿದ್ಧತೆಯನ್ನೂ ಮಾಡಿಕೊಳ್ಳಬೇಕು. ಮನೆಯಲ್ಲಿ ಉಳಿದವರು ಕೂಗಿದರೆ ಓಗೊಡುವವರು ಯಾರೆಂದು ಮೊದಲೇ ಮಾತನಾಡಿ, ಖರ್ಚಿಗೆ ಹಣವನ್ನೂ ವೈದ್ಯರ ಕಾಗದಗಳನ್ನೂ ಅವರ ಕೈಗೆ ಒಪ್ಪಿಸಿ ಹೊರಡುವುದು ಲೇಸು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ವಿಮಾನ ದಾಟಿಸುತ್ತದೆ. ಎರಡು ಮನೆಗಳ ನಡುವಿನ ದೂರಕ್ಕೆ ನೆರೆಹೊರೆಯೇ ಆಸರೆ.