ಬಂದವರು, ಉಳಿದವರು

ಹದಿನೇಳನೇ ಬೀದಿಗೆ ತಿರುಗಿದ ಕೂಡಲೇ ಮೊದಲು ಎದುರಾಗುವುದು ವಾಸನೆ. ಇದ್ದಿಲ ಮೇಲೆ ಬೇಯುತ್ತಿರುವ ಮಾಂಸ, ಹುರಿದ ಈರುಳ್ಳಿ, ಒದ್ದೆ ಹುಲ್ಲು. ಆಮೇಲೆ ಬಣ್ಣ. ಕಾರುಗಳ ಹಿಂಬಾಗಿಲು ತೆರೆದು, ಮಡಚುವ ಕುರ್ಚಿ ಹಾಕಿ ಕುಳಿತವರೆಲ್ಲ ಕಡುಗೆಂಪು ತೊಟ್ಟಿದ್ದಾರೆ. 2024ರ ನವೆಂಬರ್ 9, ಶನಿವಾರ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಎಂಬ ವಿಶ್ವವಿದ್ಯಾಲಯದ ಊರು. ಮಧ್ಯಾಹ್ನ ಮೂರೂವರೆಗೆ ಅಮೆರಿಕನ್ ಫುಟ್‌ಬಾಲ್ ಆಟ.

ನೀವು ಜನರ ಜೊತೆ ಹೆಜ್ಜೆ ಹಾಕುತ್ತೀರಿ. ಎಡವಿದರೂ ಬೀಳಲು ಜಾಗವಿಲ್ಲದಷ್ಟು ಜನ. ಮುಂದೆ ಮೆಮೋರಿಯಲ್ ಸ್ಟೇಡಿಯಂನ ಸುಣ್ಣಕಲ್ಲಿನ ಗೋಡೆ. ಈ ಸೀಮೆಯ ನೆಲದಡಿ ಇರುವುದೆಲ್ಲ ಅದೇ ಕಲ್ಲು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೊದಿಸಿದ ಕಲ್ಲೂ ಇಲ್ಲಿನ ಗಣಿಗಳಿಂದಲೇ ಹೋದದ್ದು. ಈ ಸ್ಟೇಡಿಯಂ ಬಾಗಿಲು ತೆರೆದದ್ದು 1960ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಬಂದು ಇದೇ ವಿಶ್ವವಿದ್ಯಾಲಯ ಸೇರಿದ್ದರು. 1963ರಲ್ಲಿ ಭಾಷಾವಿಜ್ಞಾನದ ಪಿಎಚ್.ಡಿ. ಪಡೆದದ್ದೂ ಇಲ್ಲಿಂದಲೇ. ಮುಂದೆ ವಚನಗಳನ್ನು ಇಂಗ್ಲಿಷಿಗೆ ಒಯ್ದು ಲೋಕಕ್ಕೆ ಸ್ಥಾವರ, ಜಂಗಮ ಎಂಬ ಎರಡು ಮಾತುಗಳ ಅರ್ಥ ತಿಳಿಸಿದವರು ಅವರು. ಈ ಊರಿನಲ್ಲಿ ಈ ಹೊತ್ತು ಆ ಎರಡು ಮಾತು ನೆನಪಾಗಲು ಕಾರಣವಿದೆ. ಕಾಲೇಜು ಫುಟ್‌ಬಾಲ್ ಎಂದರೆ ಅದೇ ತಾನೆ? ಕಲ್ಲಿನ ಕಟ್ಟಡ ನಿಂತೇ ಇರುತ್ತದೆ. ಹುಡುಗರು ಬರುತ್ತಾರೆ, ಆಡುತ್ತಾರೆ, ಹೋಗುತ್ತಾರೆ.

ನಿಮ್ಮ ಸೀಟು ಉತ್ತರದ ತುದಿಗೆ ಹತ್ತಿರ. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜ, ಅವರ ತೊಡೆಗೆ ಒರಗಿಕೊಂಡು ಹತ್ತು ವರ್ಷದ ಮೊಮ್ಮಗ. ಅಜ್ಜನ ಕೈಯಲ್ಲಿ ಆಟಗಾರರ ಪಟ್ಟಿ. ಜೆರ್ಸಿ ಸಂಖ್ಯೆ, ಹೆಸರು, ಎತ್ತರ, ತೂಕ, ಊರು, ಹಿಂದೆ ಓದಿದ ಶಾಲೆ. ಅವರ ಬೆರಳು ಕೊನೆಯ ಕಾಲಂ ಮೇಲೆ ಇಳಿಯುತ್ತ ಹೋಗುತ್ತದೆ. ಜೇಮ್ಸ್ ಮ್ಯಾಡಿಸನ್. ಜೇಮ್ಸ್ ಮ್ಯಾಡಿಸನ್. ಮತ್ತೆ ಜೇಮ್ಸ್ ಮ್ಯಾಡಿಸನ್.

"ಅರ್ಧಕ್ಕರ್ಧ ಹುಡುಗರ ಮುಖ ಹೋದ ವರ್ಷ ನಾನು ನೋಡಿದ್ದೇ ಇಲ್ಲ," ಎನ್ನುತ್ತಾರೆ. ದೂರಿನ ದನಿಯಲ್ಲ, ಬೆರಗಿನ ದನಿ.

ಆ ಬೆರಗು ಅರ್ಥವಾಗಬೇಕಾದರೆ ಅವರು ಈ ಬೆಂಚಿನ ಮೇಲೆ ಕಳೆದ ವರ್ಷಗಳು ಗೊತ್ತಿರಬೇಕು. ಇಂಡಿಯಾನಾ ಬಾಸ್ಕೆಟ್‌ಬಾಲಿನ ನಾಡು. ಪಕ್ಕದಲ್ಲೇ ಇರುವ ಅಸೆಂಬ್ಲಿ ಹಾಲ್‌ನ ಒಳಗೆ ಐದು ರಾಷ್ಟ್ರೀಯ ಪ್ರಶಸ್ತಿಗಳ ಪತಾಕೆ ತೂಗುತ್ತವೆ. ಫುಟ್‌ಬಾಲಿನ ಲೆಕ್ಕವೇ ಬೇರೆ. ದೊಡ್ಡ ಕಾಲೇಜುಗಳ ಸಾಲಿನಲ್ಲಿ ಇತಿಹಾಸದಲ್ಲೇ ಅತಿ ಹೆಚ್ಚು, ಏಳುನೂರಕ್ಕೂ ಮೀರಿದ ಸೋಲು ಈ ತಂಡದ ಹೆಸರಿನಲ್ಲಿತ್ತು. 2023ರಲ್ಲಿ ಹನ್ನೆರಡು ಆಟಗಳಲ್ಲಿ ಗೆದ್ದದ್ದು ಮೂರು. ಅರ್ಧ ಆಟ ಮುಗಿಯುವಷ್ಟರಲ್ಲಿ ಜನ ಎದ್ದು ಕಾರಿನ ಬಳಿಗೆ, ಊಟದ ಕಡೆಗೆ ಹೊರಡುತ್ತಿದ್ದ ಕಾಲ ಅದು.

ಆ ವರ್ಷದ ನವೆಂಬರ್ ಕೊನೆಯಲ್ಲಿ ಕೋಚ್ ಆಗಿ ಬಂದವರು ಕರ್ಟ್ ಸಿಗ್ನೆಟಿ. ಅವರ ತಂದೆಯೂ ಕೋಚ್. ಸಿಗ್ನೆಟಿ ಅಲಬಾಮಾದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಅವರ ಕೈಕೆಳಗೆ ಹೊಸ ಆಟಗಾರರನ್ನು ಹುಡುಕಿ ತರುವ ಕೆಲಸದಲ್ಲಿದ್ದವರು. ಐವತ್ತರ ಹೊಸ್ತಿಲಲ್ಲಿ, 2011ರಲ್ಲಿ, ಆ ದೊಡ್ಡ ಮನೆಯನ್ನು ಬಿಟ್ಟು ಎರಡನೇ ದರ್ಜೆಯ ಸಣ್ಣ ಕಾಲೇಜೊಂದಕ್ಕೆ ಕಡಿಮೆ ಸಂಬಳಕ್ಕೆ ಹೋದರು, ತಂಡವನ್ನು ತಾವೇ ನಡೆಸಬೇಕು ಎಂಬ ಒಂದೇ ಆಸೆಗೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್, ಅಲ್ಲಿಂದ ಇಲ್ಲಿಗೆ. ಬರುವಾಗ ಅವರ ಹಿಂದೆ ಆ ಕಾಲೇಜಿನ ಹದಿಮೂರು ಆಟಗಾರರೂ ಬಂದರು.

ಬರುವುದು ಸುಲಭವಾಗಿತ್ತು. ಕಾಲೇಜು ಬದಲಿಸಲು ಬಯಸುವ ಆಟಗಾರ ತನ್ನ ಹೆಸರು ಬರೆಸುವ 'ಟ್ರಾನ್ಸ್‌ಫರ್ ಪೋರ್ಟಲ್' 2018ರಿಂದ ಇದೆ. ಮೊದಲೆಲ್ಲ ಹಾಗೆ ಹೋದವನು ಒಂದು ವರ್ಷ ಆಡದೆ ಕಾಯಬೇಕಿತ್ತು, ಆ ಕಟ್ಟು ಈಗ ಸಡಿಲವಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಲೂಬಹುದು. ಇದರಿಂದ ಕಾಲೇಜು ಆಟ ಸಂತೆಯಾಯಿತು ಎಂದು ಕೊರಗುವವರು ಬಹಳ. ಆ ಕೊರಗಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹದಿನೇಳನೇ ವಯಸ್ಸಿನಲ್ಲಿ ಯಾರೋ ಕೊಟ್ಟ ಅಂದಾಜನ್ನು ಇಪ್ಪತ್ತೊಂದರಲ್ಲಿ ಸುಳ್ಳಾಗಿಸಲು ಒಂದು ಬಾಗಿಲು ಬೇಕಲ್ಲ? ಇಲ್ಲಿ ಹೈಸ್ಕೂಲ್ ಹುಡುಗರಿಗೆ ನಕ್ಷತ್ರ ಕೊಡುವ ಪದ್ಧತಿ ಇದೆ. ಐದು ನಕ್ಷತ್ರದವನ ಮನೆಗೆ ದೇಶದ ದೊಡ್ಡ ದೊಡ್ಡ ಕೋಚ್‌ಗಳೆಲ್ಲ ಬಂದು ಕೂರುತ್ತಾರೆ. ಎರಡು ನಕ್ಷತ್ರದವನು ಫೋನ್ ನೋಡುತ್ತ ಕಾಯುತ್ತಾನೆ. ಸಿಗ್ನೆಟಿಯವರ ಸೂತ್ರ ಸರಳ: ಮುಂದೆ ಏನು ಆಡಬಹುದು ಎಂಬುದಕ್ಕಿಂತ ಈಗಾಗಲೇ ಏನು ಆಡಿ ತೋರಿಸಿದ್ದಾನೆ ಎಂಬುದು ಮುಖ್ಯ.

ಅಜ್ಜನ ಬೆರಳು ಒಂದು ಹೆಸರಿನ ಮೇಲೆ ನಿಲ್ಲುತ್ತದೆ. ಎಲೈಜಾ ಸರಾಟ್. ಮೊದಲು ಸೇಂಟ್ ಫ್ರಾನ್ಸಿಸ್ ಎಂಬ ಸಣ್ಣ ಕಾಲೇಜು, ಆಮೇಲೆ ಜೇಮ್ಸ್ ಮ್ಯಾಡಿಸನ್, ಈಗ ಇಲ್ಲಿ. ಅದರ ಹತ್ತಿರವೇ ಡಿ'ಆ್ಯಂಜೆಲೊ ಪಾಂಡ್ಸ್, ಎತ್ತರ ಐದು ಅಡಿ ಒಂಬತ್ತು ಅಂಗುಲ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೂರ್ಕ್ ಕೆನಡಾದವನು, ಒಹಾಯೊ ಎಂಬ ಮಧ್ಯಮ ಕಾಲೇಜಿನಿಂದ ಬಂದವನು.

ಅಷ್ಟರಲ್ಲಿ ವಾದ್ಯ ಮೊಳಗುತ್ತದೆ. 'ಮಾರ್ಚಿಂಗ್ ಹಂಡ್ರೆಡ್' ಎಂಬ ಹೆಸರಿನ ವಿದ್ಯಾರ್ಥಿ ಬ್ಯಾಂಡ್. ಎದೆಗೂಡಿನೊಳಗೆ ನಗಾರಿ. ಎಲ್ಲರೂ ಎದ್ದು ನಿಲ್ಲುತ್ತಾರೆ, ನೀವೂ ನಿಲ್ಲುತ್ತೀರಿ. ಉತ್ತರದ ತುದಿಯಲ್ಲಿ, ಮೈದಾನದ ಅಂಚಿನಲ್ಲಿ, ಒಂದು ದೊಡ್ಡ ಸುಣ್ಣಕಲ್ಲಿನ ಬಂಡೆ ಇದೆ. 2005ರಲ್ಲಿ ಕೋಚ್ ಆಗಿ ಬಂದ ಟೆರ್ರಿ ಹೆಪ್ನರ್ ಅದನ್ನು ಅಭ್ಯಾಸದ ಮೈದಾನದಲ್ಲಿ ಕಂಡರು. ಎಷ್ಟೋ ವರ್ಷ ಎಲ್ಲರೂ ಬಳಸಿಕೊಂಡು ಹೋಗುತ್ತಿದ್ದ ಕಲ್ಲನ್ನು ಎತ್ತಿಸಿ ತಂದು ಇಲ್ಲಿ ನಿಲ್ಲಿಸಿದರು. ಮೈದಾನಕ್ಕೆ ಇಳಿಯುವ ಹುಡುಗರು ಅದನ್ನು ಮುಟ್ಟಿ ಇಳಿಯುವ ರೂಢಿ ಬೆಳೆಯಿತು. ಹೆಪ್ನರ್ 2007ರಲ್ಲಿ ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. ಕಲ್ಲು ಉಳಿದಿದೆ. ಅವರ ಹೆಸರಿನಿಂದಲೇ ಜನ ಅದನ್ನು ಕರೆಯುತ್ತಾರೆ.

ಎದುರಿಗೆ ಮಿಚಿಗನ್. ಇದೇ ಜನವರಿಯಲ್ಲಿ ವಾಷಿಂಗ್ಟನ್ ತಂಡವನ್ನು ಸೋಲಿಸಿ ದೇಶದ ಚಾಂಪಿಯನ್ ಆದವರು. ಎರಡು ವಾರದ ಹಿಂದೆ ಇಂಡಿಯಾನಾ ಇದೇ ಮೈದಾನದ ಮೇಲೆ ಆ ವಾಷಿಂಗ್ಟನ್ ತಂಡವನ್ನು ಸೋಲಿಸಿದೆ. ಈವರೆಗೆ ಒಂಬತ್ತು ಆಟ, ಒಂಬತ್ತು ಗೆಲುವು. ಹತ್ತು ಎಂಬ ಸಂಖ್ಯೆಯನ್ನು ಈ ಕಾಲೇಜು ಒಂದು ಸೀಸನ್ನಿನಲ್ಲಿ ಎಂದೂ ಕಂಡಿಲ್ಲ.

ಆಟ ಶುರು. ನೂರು ಗಜದ ಮೈದಾನ, ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಕೈಗೆ ಬಂದವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು. ತುದಿ ಮುಟ್ಟಿದರೆ ಟಚ್‌ಡೌನ್, ಆರು ಅಂಕ. ಕಬಡ್ಡಿ ನೋಡಿ ಬೆಳೆದ ಕಣ್ಣಿಗೆ ಇದರ ಮರ್ಮ ಬೇಗ ಹಿಡಿಸುತ್ತದೆ: ಗೆರೆ, ಗೆರೆಯಾಚೆಗೆ ನುಗ್ಗುವವನು, ಅವನನ್ನು ಕೆಡವಲು ಕಾದ ಗುಂಪು. ಟಿವಿಯಲ್ಲಿ ಕೇಳದ ಒಂದು ಸದ್ದು ಇಲ್ಲಿ ಕೇಳುತ್ತದೆ. ಎರಡು ಸಾಲು ಒಂದಕ್ಕೊಂದು ಅಪ್ಪಳಿಸಿದಾಗ ಗಟ್ಟಿ ಪ್ಲಾಸ್ಟಿಕ್ಕೂ ಮೈಯೂ ಒಟ್ಟಿಗೆ ಹೊರಡಿಸುವ ಸದ್ದು. ಪ್ರತಿ ಸಲವೂ ನಿಮ್ಮ ಭುಜ ತಾನಾಗಿ ಬಿಗಿಯುತ್ತದೆ.

ರೂರ್ಕ್ ಚೆಂಡು ಹಿಡಿದು ಹಿಂದೆ ಸರಿಯುತ್ತಾನೆ. ಮೂರು ವಾರದ ಹಿಂದೆ ಅವನ ಹೆಬ್ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ನಡೆದದ್ದು ಎಲ್ಲರಿಗೂ ಗೊತ್ತು. ಸೀಸನ್ ಆರಂಭಕ್ಕೂ ಮೊದಲೇ ಅವನ ಮೊಣಕಾಲಿನ ಲಿಗಮೆಂಟ್ ಹರಿದಿತ್ತು ಎಂಬುದು ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತಿಲ್ಲ. ಅದು ಹೊರಬೀಳುವುದು ಸೀಸನ್ ಮುಗಿದ ಮೇಲೆ. ಅವನು ಎಸೆಯುತ್ತಾನೆ. ಚೆಂಡು ತಿರುಗುತ್ತ ಹೋಗುವ ಆ ಎರಡು ಕ್ಷಣ ಐವತ್ತು ಸಾವಿರ ಜನ ಉಸಿರು ಬಿಡುವುದಿಲ್ಲ. ಹಿಡಿದಾಗ ಬೆಂಚು ಅದುರುತ್ತದೆ. ಮೊಮ್ಮಗ ಅಜ್ಜನ ಕುತ್ತಿಗೆಗೆ ಜೋತುಬೀಳುತ್ತಾನೆ. ಅರ್ಧ ಆಟ ಮುಗಿದಾಗ ಫಲಕದ ಮೇಲೆ ಇಂಡಿಯಾನಾ 17, ಮಿಚಿಗನ್ 3.

ಸೂರ್ಯ ಪಶ್ಚಿಮದ ಗ್ಯಾಲರಿಯ ಹಿಂದೆ ಇಳಿಯುತ್ತಾನೆ. ದೀಪಗಳ ಬೆಳಕು ಗಟ್ಟಿಯಾಗುತ್ತದೆ. ನೀವು ಸುತ್ತ ನೋಡುತ್ತೀರಿ. ಹಳೆಯ ಕಾಲದಲ್ಲಿ ಮೆಟ್ಟಿಲು ಇಳಿಯುತ್ತಿದ್ದವರು ಇವತ್ತು ಸೀಟು ಬಿಟ್ಟು ಏಳುತ್ತಿಲ್ಲ.

ಎರಡನೇ ಅರ್ಧ ಬೇರೆಯದೇ ಆಟ. ಮಿಚಿಗನ್ನಿನ ಮುಂಚೂಣಿ ಗೋಡೆಯಂತೆ ನುಗ್ಗಿ ಬರುತ್ತದೆ. ರೂರ್ಕ್‌ಗೆ ಕಣ್ಣೆತ್ತಿ ನೋಡಲೂ ಬಿಡುವಿಲ್ಲ. ಇಂಡಿಯಾನಾ ಮುಂದೆ ಇಟ್ಟ ಹೆಜ್ಜೆ ಹಿಂದಕ್ಕೆ ಬೀಳುತ್ತದೆ. ಇಡೀ ಎರಡನೇ ಅರ್ಧದಲ್ಲಿ ಅವರು ಗಳಿಸುವುದು ಹದಿನೆಂಟೇ ಗಜ. ಅಂತರ ಕರಗುತ್ತ ಕರಗುತ್ತ ಬಂದು 17–15. ಅಜ್ಜ ಮಾತು ನಿಲ್ಲಿಸಿದ್ದಾರೆ. ಪಟ್ಟಿ ಸುರುಳಿಯಾಗಿ ಮುಷ್ಟಿಯೊಳಗೆ ಸೇರಿದೆ. ಐವತ್ತು ವರ್ಷದ ಸೋಲು ಕಂಡ ಮುಖ ಈಗ ಏನಾಗುತ್ತದೆಂದು ಮೊದಲೇ ಬಲ್ಲಂತೆ ಗಟ್ಟಿಯಾಗುತ್ತದೆ. ಆದರೆ ಮೈದಾನದಲ್ಲಿರುವ ಹೆಚ್ಚಿನ ಹುಡುಗರಿಗೆ ಆ ನೆನಪಿಲ್ಲ. ಏಳುನೂರು ಸೋಲು ಅವರದಲ್ಲ. ಅವರಲ್ಲಿ ಹಲವರು ಜೇಮ್ಸ್ ಮ್ಯಾಡಿಸನ್‌ನಲ್ಲಿ ಗೆದ್ದು ಗೆದ್ದು ಬಂದವರು. ಸೋಲು ಊರಿನ ಅಭ್ಯಾಸ ಎಂಬುದು ಹೊಸಬನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೊರಗಿನಿಂದ ಬಂದವನು ತರುವ ದೊಡ್ಡ ಉಡುಗೊರೆ ಬಹುಶಃ ಇದೇ: ನಮ್ಮ ಹಳೆಯ ಭಯ ಅವನಿಗೆ ಗೊತ್ತಿರುವುದಿಲ್ಲ.

ಕೊನೆಯ ನಿಮಿಷಗಳು. ಚೆಂಡು ಒದೆಯಲು ನಿಕೊಲಸ್ ರಾಡಿಸಿಚ್ ಬರುತ್ತಾನೆ. ಹಿಂದಕ್ಕೆ ಹೆಜ್ಜೆ, ಪಕ್ಕಕ್ಕೆ ಹೆಜ್ಜೆ. ಕಾಲು ಬೀಸುತ್ತದೆ. ಎರಡು ಹಳದಿ ಕಂಬಗಳ ನಡುವೆ ಚೆಂಡು ತೂರಿ ಹೋದಾಗ ಮೂರು ಅಂಕ, 20–15. ಮಿಚಿಗನ್‌ಗೆ ಇನ್ನೊಂದು ಸರದಿ ಉಳಿದಿದೆ. ಈಗ ಗ್ಯಾಲರಿಯೇ ಹನ್ನೆರಡನೆಯ ಆಟಗಾರ. ಎದುರಾಳಿಗಳಿಗೆ ತಮ್ಮ ನಾಯಕನ ಕೂಗು ಕೇಳಬಾರದೆಂದು ಎಲ್ಲರೂ ಗಂಟಲು ಹರಿಯುವಂತೆ ಅರಚುತ್ತಾರೆ. ನಿಮ್ಮ ದನಿ ನಿಮಗೇ ಕೇಳುವುದಿಲ್ಲ. ಆ ಸರದಿಯೂ ಬರಿಗೈಯಲ್ಲಿ ಮುಗಿಯುತ್ತದೆ.

ಹತ್ತಕ್ಕೆ ಹತ್ತು. ಅಜ್ಜ ಕೂಗುವುದಿಲ್ಲ. ನಿಧಾನಕ್ಕೆ ಕುಳಿತು, ಸುರುಳಿಯಾದ ಪಟ್ಟಿಯನ್ನು ಮಂಡಿಯ ಮೇಲಿಟ್ಟು ಅಂಗೈಯಿಂದ ನೇರ ಮಾಡುತ್ತಾರೆ.

ಅವರ ಬೆರಳು ಇನ್ನೂ ಮುಟ್ಟದ ಹೆಸರೊಂದು ಆ ಹಾಳೆಯಲ್ಲಿದೆ. ಜಮಾರಿ ಶಾರ್ಪ್. ಊರು ಮಯಾಮಿ. ಹಿಂದಿನ ಶಾಲೆ ಎಂಬಲ್ಲಿ ಬೇರೆ ಕಾಲೇಜಿಲ್ಲ, ಹೈಸ್ಕೂಲ್ ಮಾತ್ರ. 2022ರಲ್ಲಿ, ಹಳೆಯ ಕೋಚ್ ಕಾಲದಲ್ಲಿ, ಹೊಸ ಹುಡುಗನಾಗಿ ಸೇರಿದವನು. ಮೂರು ಗೆಲುವಿನ ವರ್ಷ ಕಂಡವನು. ಕೋಚ್ ಹೋದಾಗ, ಪೋರ್ಟಲ್ ಬಾಗಿಲು ತೆರೆದಿದ್ದಾಗ, ಹೋಗಬಹುದಿತ್ತು. ಹೋಗಲಿಲ್ಲ. ಇಂಡಿಯಾನಾಪೊಲಿಸ್‌ನ ಓಮರ್ ಕೂಪರ್ ಕೂಡ ಹಾಗೆಯೇ ಉಳಿದವನು.

ಈ ಸೀಸನ್ ಮುಂದೆ ಕಹಿಯನ್ನೂ ಉಣಿಸುತ್ತದೆ. ಒಹಾಯೊ ಸ್ಟೇಟ್ ಎದುರು 38–15ರ ಸೋಲು. ನಡುವೆ ನೆರೆಯ ಪರ್ಡ್ಯೂ ಎದುರು 66–0 ಗೆಲುವು. ಡಿಸೆಂಬರ್ 20ರ ರಾತ್ರಿ, ಹನ್ನೆರಡು ತಂಡಗಳ ಮೊದಲ ಪ್ಲೇಆಫ್‌ನಲ್ಲಿ, ನಾಟ್ರ್ ಡೇಮ್ ಅಂಗಳದಲ್ಲಿ 27–17ರ ಸೋಲು. ಹನ್ನೊಂದು ಗೆಲುವು, ಎರಡು ಸೋಲು. ಅದೃಷ್ಟದ ಒಂದು ವರ್ಷ, ಮುಗಿಯಿತು ಎಂದರು ಹಲವರು. ಅದೇ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಿಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಬರುವುದಾಗಿ ಒಪ್ಪಿಕೊಂಡ. ಅವನ ತಮ್ಮ ಆಲ್ಬರ್ಟೊ ಆಗಲೇ ಇಲ್ಲಿನ ಹುಡುಗ. ಅಣ್ಣ ಮುಂದಿನ ಸೀಸನ್ನಿನಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ, ಈ ಕಾಲೇಜಿನ ಇತಿಹಾಸದಲ್ಲಿ ಮೊದಲನೆಯವನಾಗಿ.

ಹದಿನಾಲ್ಕು ತಿಂಗಳು ದಾಟಿ ಬನ್ನಿ. 2026ರ ಜನವರಿ 19ರ ರಾತ್ರಿ, ಮಯಾಮಿ ಗಾರ್ಡನ್ಸ್. ರಾಷ್ಟ್ರೀಯ ಫೈನಲ್, ಎದುರಿಗೆ ಮಯಾಮಿ. ಹದಿನೈದು ಗೆದ್ದು ಬಂದ ತಂಡಕ್ಕೆ ಇದು ಹದಿನಾರನೆಯ ಆಟ. ನಾಲ್ಕನೆಯ, ಕೊನೆಯ ಅವಕಾಶದಲ್ಲಿ ಚೆಂಡನ್ನು ತಾನೇ ಹಿಡಿದು ಓಡುವ ಮೆಂಡೋಜಾ ಇಬ್ಬರ ನಡುವೆ ತಿರುಗಿ, ತಿವಿತ ತಿಂದು, ಮೈಚಾಚಿ ತುದಿ ಮುಟ್ಟುತ್ತಾನೆ. ಅದು ಬಂದವನ ಕೊಡುಗೆ. ಆಟ ಕೊನೆಗೆ ಬಂದಾಗ 27–21. ಒಂದು ನಿಮಿಷವೂ ಉಳಿದಿಲ್ಲ, ಮಯಾಮಿಯ ಕೈಯಲ್ಲಿ ಚೆಂಡು, ಒಂದು ಟಚ್‌ಡೌನ್ ಬಂದರೆ ಎಲ್ಲ ಮಣ್ಣುಪಾಲಾಗಬಹುದು. ಎಸೆತ ಗಾಳಿಯಲ್ಲಿದೆ. ಅದನ್ನು ನಡುವೆಯೇ ಹಿಡಿದವನು ಜಮಾರಿ ಶಾರ್ಪ್. ತಾನು ಹುಟ್ಟಿ ಬೆಳೆದ ಊರಿನಲ್ಲಿ, ತಾನು ಬಿಟ್ಟುಹೋಗದ ಕಾಲೇಜಿಗಾಗಿ.

ಆದರೆ ಅದೆಲ್ಲ ಇನ್ನೂ ಮುಂದಿದೆ. ಈಗ ನವೆಂಬರ್ 9ರ ಕತ್ತಲು, ಬ್ಲೂಮಿಂಗ್ಟನ್. ಬ್ಯಾಂಡ್ ಮತ್ತೆ ನುಡಿಸುತ್ತಿದೆ. ಮೈದಾನದಲ್ಲಿ ಬೆವರಿಗೆ ಕೂದಲು ಅಂಟಿಕೊಂಡ ಹುಡುಗರು ಒಬ್ಬರನ್ನೊಬ್ಬರು ಅಪ್ಪಿ ಎತ್ತುತ್ತಿದ್ದಾರೆ. ಯಾರು ವರ್ಜೀನಿಯಾದಿಂದ ಬಂದವನು, ಯಾರು ಮೂರು ವರ್ಷದಿಂದ ಇಲ್ಲೇ ಇದ್ದವನು ಎಂದು ಇಷ್ಟು ದೂರದಿಂದ ಗುರುತಿಸಲಾಗುವುದಿಲ್ಲ. ಎಲ್ಲ ಒಂದೇ ಕೆಂಪು.

ಅಜ್ಜ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಳಿಸುತ್ತಾರೆ. ಮುಂದಿನ ವರ್ಷದ ಪಟ್ಟಿ ಬೇರೆ ಇರುತ್ತದೆ ಎಂದು ಅವರಿಗೆ ಗೊತ್ತು. ಮೊಮ್ಮಗನ ಕೈ ಹಿಡಿದು ಮೆಟ್ಟಿಲು ಇಳಿಯತೊಡಗುತ್ತಾರೆ. ನೀವು ಅವರ ಹಿಂದೆ ಹೊರಟು, ಬಾಗಿಲು ದಾಟುವಾಗ ಸುಣ್ಣಕಲ್ಲಿನ ಗೋಡೆಗೆ ಕೈ ತಾಗಿಸುತ್ತೀರಿ. ಕಲ್ಲು ತಣ್ಣಗಿದೆ. ಒಳಗಿನ ಕೂಗಿಗೆ ಸಣ್ಣಗೆ ಅದುರುತ್ತಿದೆ.